ಅಕ್ಕನ ಪಾಯಿಂಟು

ಆ ದಿನಗಳಲ್ಲಿ ಅಪ್ಪ ಸ್ಕೂಟರ್ ಚಾಲೂ ಮಾಡಿ "ಹತ್ತು ಚೇತು" ಎಂದರೆ ಸಾಕು, ನಾನು ಹತ್ತಿ ಕೂತುಬಿಡುತ್ತಿದ್ದೆ. ಎಲ್ಲಿಗೆ, ಯಾಕೆ ಎಂದು ಕೇಳುವ ಅಭ್ಯಾಸವೇ ನನಗಿರಲಿಲ್ಲ. ಹಲ್ಲು ಕೀಳಿಸಲು ಹೋದದ್ದೂ ಹಾಗೆಯೇ. ಡಾಕ್ಟರ ಕುರ್ಚಿಯಲ್ಲಿ ಕೂರಿಸಿದ ಮೇಲೆ ಗೊತ್ತಾಯಿತು. ಊರಿನಿಂದ ಬಂದು ಚಾಣಕ್ಯಪುರಿಯ ಅತಿಥಿಗೃಹದಲ್ಲಿ ಇಳಿದುಕೊಂಡವರಿಗೆ ಅಮ್ಮನ ಪುಳಿಯೋಗರೆ ಗೊಜ್ಜು ತಲುಪಿಸಲು ಹೋದದ್ದೂ ಹಾಗೆಯೇ. ಚಳಿಗಾಲದ ಸಂಜೆಗಳಲ್ಲಿ ಮಾತ್ರ ಕೇಳದೆಯೂ ಗೊತ್ತಿರುತ್ತಿತ್ತು. ಲೋಧಿ ಕಾಲೋನಿಯ ಮಾರ್ಕೆಟ್ಟಿನ ತಿರುವಿನಲ್ಲಿ ಒಬ್ಬ ಭಯ್ಯಾ ಕೆಂಡದ ಮೇಲೆ ಗೆಣಸು ಸುಡುತ್ತಿದ್ದ. ದಿಲ್ಲಿಯವರ ಬಾಯಲ್ಲಿ ಅದು ಶಕರ್‌ಕಂದಿ. ಸಿಪ್ಪೆ ಸುಲಿದು, ಹೋಳು ಮಾಡಿ, ಮಸಾಲೆ ಉದುರಿಸಿ, ನಿಂಬೆ ಹಿಂಡಿ, ಹುಳಿಗೆಂದು ಒಂದೆರಡು ಕಮರಾಕ್ಷಿ ಹೋಳು ಸೇರಿಸಿ ಎಲೆದೊನ್ನೆಯಲ್ಲಿ ಕೊಡುತ್ತಿದ್ದ. ಮೊದಲ ಹೋಳನ್ನು ಅಪ್ಪ ಊದಿ ಊದಿ ಆರಿಸಿ ನನ್ನ ಬಾಯಿಗಿಡುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳಹೊರಟಿರುವುದೆಲ್ಲ ಅದೇ ಅಪ್ಪನ ಮೇಲಿನ ದೂರು.

ಅಪ್ಪ ತುಮಕೂರಿನ ಕಡೆಯವರು. ಸಚಿವಾಲಯವೊಂದರಲ್ಲಿ ಗುಮಾಸ್ತರಾಗಿದ್ದರು. ನಮ್ಮದು ನೆಲ ಅಂತಸ್ತಿನ ಸರ್ಕಾರಿ ಕ್ವಾರ್ಟರ್ಸು. ಎದುರಿಗೆ ಹುಲ್ಲು, ಬೇವಿನ ಮರ, ಒಂದು ಬ್ಲಾಕಿನಿಂದ ಇನ್ನೊಂದಕ್ಕೆ ದಾಟಲು ಕಮಾನು. ಅಂಥ ಕ್ವಾರ್ಟರ್ಸಿನಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಮನೆಯೊಳಗೆ ಇಂಗಿನ ಒಗ್ಗರಣೆ, ಕಮಾನು ದಾಟಿದರೆ ಯಾರದೋ ಮನೆಯ ಸಾಸಿವೆ ಎಣ್ಣೆಯ ಘಾಟು. ಅಮ್ಮನ ಹತ್ತಿರ ಆ ಆಟ ಲಗೋರಿ, ಮೈದಾನದಲ್ಲಿ ಅದೇ ಕಲ್ಲು, ಅದೇ ಚೆಂಡು, ಹೆಸರು ಮಾತ್ರ ಪಿಟ್ಟೂ. ನನಗಿಂತ ಆರು ವರ್ಷ ಚಿಕ್ಕವನು ತಮ್ಮ ಪ್ರಣವ್. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಪಾಪು ಎಂದು. ನಾಚಿಕೆ ಸ್ವಭಾವದ, ಮುದ್ದಾದ, ಸದಾ ಮೂಗು ಸೋರಿಸಿಕೊಂಡಿರುತ್ತಿದ್ದ ಹುಡುಗ.

ಶಾಲೆ ನಮ್ಮ ಬ್ಲಾಕಿನ ಹಿಂದೆಯೇ ಇತ್ತು. ಸರ್ಕಾರಿ ಪ್ರೈಮರಿ. ಗಂಟೆ ಹೊಡೆದ ಮೇಲೆ ಮನೆ ಬಿಟ್ಟರೂ ಪ್ರಾರ್ಥನೆಗೆ ಸಿಗಬಹುದಿತ್ತು. ಅಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದು ಹೇಳಿದರೆ ಸುಳ್ಳಾದೀತು. ನಲ್ಲಿಯಲ್ಲಿ ನೀರು ಬಂದರೆ ಬಂತು. ಮೇಡಂಗಳಿಗೆ ಒಮ್ಮೆ ಪೋಲಿಯೋ ಡ್ಯೂಟಿ, ಒಮ್ಮೆ ಎಲೆಕ್ಷನ್ ಡ್ಯೂಟಿ. ಆಗ ಆಯಾ ಬಂದು ಬೆತ್ತ ಹಿಡಿದು ಬಾಗಿಲಲ್ಲಿ ಕೂರುತ್ತಿದ್ದಳು. ಆದರೆ ನಮಗೆ ಸಂತೋಷ್ ಮೇಡಂ ಇದ್ದರು. ಹೆಸರು ಕೇಳಿ ಅಮ್ಮ ಮೊದಲು ಮೇಷ್ಟ್ರು ಎಂದುಕೊಂಡಿದ್ದಳು. ಹರಿಯಾಣದ ಎತ್ತರದ ಹೆಂಗಸು, ಎತ್ತರದ ದನಿ. ಅವರ ಪಾಲಿಗೆ ಕರ್ನಾಟಕ, ಕೇರಳ, ಆಂಧ್ರ ಎಲ್ಲ ಒಂದೇ. ನನ್ನನ್ನು ಕರೆಯುತ್ತಿದ್ದದ್ದು "ಏ ಮದ್ರಾಸನ್" ಎಂದು.

ಚಳಿಗಾಲದಲ್ಲಿ ಕ್ಲಾಸು ಬಿಸಿಲಿಗೆ ಬರುತ್ತಿತ್ತು. ಉದ್ದನೆಯ ಗೋಣಿ ಪಟ್ಟಿಗಳನ್ನು ಅಂಗಳದಲ್ಲಿ ಹಾಸಿ ಸಾಲಾಗಿ ಕೂರುತ್ತಿದ್ದೆವು. ಮೇಡಂ ಕುರ್ಚಿಯಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದರು. ಸರ್ಕಾರಿ ಶಾಲೆಯ ಟೀಚರುಗಳು ಸ್ವೆಟರ್ ಹೆಣೆಯುತ್ತಾರೆ ಎಂದು ಜನ ನಗುತ್ತಾರಲ್ಲ, ನಗಲಿ. ನಮ್ಮ ಮೇಡಂ ಹೆಣೆಯುತ್ತಲೇ ಲೆಕ್ಕ ಹೇಳಿಕೊಡುತ್ತಿದ್ದರು. "ಸಾಲಿಗೆ ಇಷ್ಟು ಕುಣಿಕೆ. ತೋಳಿನ ಹತ್ತಿರ ಎರಡೆರಡು ಕಡಿಮೆ ಮಾಡುತ್ತಾ ಹೋದರೆ ಕತ್ತಿನ ಹತ್ತಿರ ಎಷ್ಟು ಉಳಿಯುತ್ತೆ? ಬೋಲೋ ಮದ್ರಾಸನ್!" ತಪ್ಪು ಹೇಳಿದರೆ ಹೆಣಿಗೆ ಕಡ್ಡಿಯಿಂದ ತಲೆಗೆ ಒಂದು ಮೊಟಕು. ಸರಿ ಹೇಳಿದವರಿಗೆ ಸ್ವೆಟರನ್ನು ಬೆನ್ನಿಗೆ ಹಿಡಿದು ಅಳತೆ ನೋಡುವ ಗೌರವ. ಮಧ್ಯಾಹ್ನಕ್ಕೆ ದೊಡ್ಡ ಡಬ್ಬಿಗಳಲ್ಲಿ ಬರುತ್ತಿದ್ದ ರಾಜ್ಮಾ ಅನ್ನ ಬಿಸಿಲಲ್ಲಿ ಘಮ್ಮೆನ್ನುತ್ತಿತ್ತು. ನಾನು ಮನೆಯ ಇಡ್ಲಿಯನ್ನು ಅದಕ್ಕೆ ಬದಲಾಯಿಸಿಕೊಳ್ಳುತ್ತಿದ್ದೆ.

ಬದಲಾಯಿಸಿಕೊಳ್ಳುತ್ತಿದ್ದದ್ದು ರೇಖಾಳ ಜೊತೆ. ಅವಳ ಅಪ್ಪ ನಮ್ಮ ಬ್ಲಾಕಿನ ಮರದ ಕೆಳಗೆ ಮೇಜು ಹಾಕಿಕೊಂಡು ಇಡೀ ಕಾಲೋನಿಯ ಬಟ್ಟೆ ಇಸ್ತ್ರಿ ಮಾಡುತ್ತಿದ್ದ. ರೇಖಾ ಮಾತಿನಲ್ಲಿ ಚೂಟಿ, ಪಿಟ್ಟೂ ಆಟದಲ್ಲಿ ಗುರಿ ತಪ್ಪದವಳು, ಲೆಕ್ಕದಲ್ಲಿ ನನಗೆ ಸರಿಸಮ.

ನಾವು ಮೂರನೇ ಕ್ಲಾಸಿಗೆ ಬರುವಷ್ಟರಲ್ಲಿ ಒಂದು ವಿಚಿತ್ರ ಶುರುವಾಗಿತ್ತು. ಪ್ರತಿ ಏಪ್ರಿಲ್‌ನಲ್ಲಿ ಒಂದಷ್ಟು ಹುಡುಗರು ಮಾಯವಾಗುತ್ತಿದ್ದರು. ಹಿಂದಿನ ತಿಂಗಳವರೆಗೆ ನಮ್ಮ ಜೊತೆ ಗೋಣಿ ಪಟ್ಟಿಯಲ್ಲಿ ಕೂತು ಮೂಗು ಒರೆಸಿಕೊಳ್ಳುತ್ತಿದ್ದವರು ಟೈ ಕಟ್ಟಿಕೊಂಡು, ಬೂಟು ಮಿಂಚಿಸಿಕೊಂಡು ಪ್ರೈವೇಟ್ ಶಾಲೆಯ ಬಸ್ಸಿಗೆ ಕಾಯುತ್ತಿದ್ದರು. ಅವರ ಅಕ್ಕತಂಗಿಯರು ಮಾತ್ರ ನಮ್ಮ ಜೊತೆಗೇ ಉಳಿದರು. ರೇಖಾಳ ತಮ್ಮನೂ ಹೋದ. ಬೇರೆಯವರ ಬಟ್ಟೆ ಇಸ್ತ್ರಿ ಮಾಡುವ ಅವಳಪ್ಪ ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಮಗನ ಪ್ಯಾಂಟಿಗೆ ಗೀರು ತೆಗೆಯುತ್ತಿದ್ದ. ರೇಖಾಳ ಸ್ಕರ್ಟು ಎಂದಿನಂತೆ ಮುದುಡಿಕೊಂಡೇ ಇರುತ್ತಿತ್ತು.

"ನಿನ್ನನ್ನ್ಯಾಕೆ ಕಳಿಸಲ್ಲ?" ಎಂದು ನಾನು ಹಿಂದಿಯಲ್ಲಿ ಕೇಳಿದ್ದೆ.

"ಲಡ್ಕೀ ಹೂಂ ನಾ," ಎಂದಿದ್ದಳು. ಹುಡುಗಿಯಲ್ಲವೇ ಎಂದು, ಇವತ್ತು ಸೋಮವಾರ ಎನ್ನುವ ಹಾಗೆ.

ಅದನ್ನು ಮನೆಯಲ್ಲಿ ಹೇಳಿದಾಗ ಅಪ್ಪ ಬಹಳ ಬೇಸರ ಪಟ್ಟುಕೊಂಡರು. "ನೋಡು, ಈ ಜನ ಹೆಣ್ಣುಮಕ್ಕಳನ್ನ ಹೇಗೆ ನೋಡ್ತಾರೆ ಅಂತ. ನಮ್ಮ ಮನೇಲಿ ಹಾಗಿಲ್ಲ ಕಣಮ್ಮ. ನನಗೆ ನೀನೂ ಒಂದೇ, ಪಾಪೂನೂ ಒಂದೇ" ಎಂದರು. ನಾನು ನಂಬಿದೆ. ನಂಬದಿರುವುದಕ್ಕೆ ನನಗೆ ಏನು ಕಾರಣವಿತ್ತು?

ಮೂರನೇ ಕ್ಲಾಸಿನ ಪರೀಕ್ಷೆ ಮುಗಿದ ವಾರ ಅಪ್ಪ ಸ್ಕೂಟರ್ ಚಾಲೂ ಮಾಡಿ "ಹತ್ತು ಚೇತು" ಎಂದರು. ನಾನು ಹತ್ತಿದೆ. ದೊಡ್ಡ ರಸ್ತೆ ದಾಟಿ ಸ್ಕೂಟರ್ ನಿಂತದ್ದು ಹೊಸದಾಗಿ ತೆರೆದ ಪ್ರೈವೇಟ್ ಶಾಲೆಯ ಗೇಟಿನ ಮುಂದೆ. ಗಾಜಿನ ಬಾಗಿಲು, ಒಳಗೆ ಕಾರಂಜಿ, ಕಾರಂಜಿಯಲ್ಲಿ ಮೀನು. ಅಪ್ಪ ನನ್ನ ಮುಂದೆ ಮಂಡಿಯೂರಿ ಕೂದಲು ಸರಿಮಾಡಿ ಹೇಳಿದರು.

"ಇನ್ಮೇಲೆ ಇದೇ ನಿನ್ನ ಸ್ಕೂಲು."

"ನನ್ನದಾ? ಪಾಪೂದಲ್ವಾ?"

"ನಿನ್ನದೇ ಕಣಮ್ಮ. ಹೆಣ್ಣು ಮಗು ಮೊದಲು ಓದಬೇಕು."

ಆ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಹೇಳಿಕೊಂಡು ತಿರುಗಿದೆನೋ! ನನಗೆ ಕೊಂಬೇ ಬಂದಿತ್ತು. ಕನ್ನಡದವರೆಲ್ಲ ಸೇರುತ್ತಿದ್ದ ಯುಗಾದಿಯ ಊಟದಲ್ಲಿ ಅಪ್ಪನ ಆಫೀಸಿನ ಕನ್ನಡದವರೇ ಆದ ಮೂರ್ತಿ ಅಂಕಲ್ ಎಲ್ಲರ ಮುಂದೆ, "ನೋಡ್ರಯ್ಯಾ, ಮಗಳನ್ನ ಅಂಥಾ ಸ್ಕೂಲಿಗೆ ಹಾಕಿದಾನೆ. ನಮ್ಮಲ್ಲಿ ಯಾರಿಗಿದೆ ಇಷ್ಟು ಧೈರ್ಯ?" ಎಂದರು. ಅಪ್ಪ ತಲೆ ತಗ್ಗಿಸಿ ಹೋಳಿಗೆಗೆ ತುಪ್ಪ ಹಾಕಿಕೊಂಡರು. ಸಂಕೋಚದ ಮನುಷ್ಯ ಎಂದು ನನಗೆ ಇನ್ನೂ ಹೆಮ್ಮೆಯಾಯಿತು. ಅಮ್ಮ ಮಾತ್ರ ಪಾಪುವಿನ ಬಾಯಿ ಒರೆಸುತ್ತಿದ್ದಳು.

ಟಿ.ಸಿ. ತರಲು ಹೋದ ದಿನ ಸಂತೋಷ್ ಮೇಡಂ ಹೆಣಿಗೆಯನ್ನು ಮಡಿಲಲ್ಲಿಟ್ಟು ಅಪ್ಪನನ್ನೇ ನೋಡಿದರು. "ಭಾಯಿಸಾಬ್, ಯಹಾಂ ಕ್ಯಾ ಕಮೀ ಥೀ?" ಇಲ್ಲೇನು ಕಡಿಮೆಯಾಗಿತ್ತು ಎಂದು. ಅಪ್ಪ ಇಂಗ್ಲಿಷ್ ಎಂದರು. ಮೇಡಂ ನನ್ನ ಬೆನ್ನಿಗೆ ಅರ್ಧ ಹೆಣೆದ ಸ್ವೆಟರ್ ಹಿಡಿದು ಅಳತೆ ನೋಡಿದರು. "ಬೆಳೆದುಬಿಟ್ಟೆ" ಎಂದು ಬಿಟ್ಟರು.

ರೇಖಾಗೆ ಹೇಳಿದಾಗ ಅವಳು ಸಂತೋಷಪಡಬೇಕಿತ್ತು ಎಂದು ನನ್ನ ಲೆಕ್ಕ. ಅವಳು ಕೈಯಲ್ಲಿದ್ದ ಚೆಂಡನ್ನು ಗೋಡೆಗೆ ಹೊಡೆದು ಹಿಡಿದು, ಮತ್ತೆ ಹೊಡೆದಳು. "ತೇರಾ ಭಾಯೀ ಕಬ್ ಜಾಯೇಗಾ?" ಎಂದಳು. ನಿನ್ನ ತಮ್ಮ ಯಾವಾಗ ಹೋಗುತ್ತಾನೆ? "ಅವನಿನ್ನೂ ಚಿಕ್ಕವನು" ಎಂದೆ. "ಅಚ್ಛಾ" ಎಂದಳು. ಅವಳಿಗೆ ಹೊಟ್ಟೆಕಿಚ್ಚು ಎಂದುಕೊಂಡೆ.

ಹೊಸ ಶಾಲೆಯಲ್ಲಿ ಎಲ್ಲವನ್ನೂ ಶಾಲೆಯ ಅಂಗಡಿಯಲ್ಲೇ ಕೊಳ್ಳಬೇಕಿತ್ತು. ಕಾಲುಚೀಲದ ಮೇಲೂ ಅವರ ಮುದ್ರೆ. ಮನೆಯಲ್ಲಿ ಹೆಣೆದ ಸ್ವೆಟರ್ ಹಾಕುವಂತಿಲ್ಲ. ಕಾರಿಡಾರಿನಲ್ಲಿ ಫಿನಾಯಿಲ್ಲಿನ ಜಾಗದಲ್ಲಿ ಏನೋ ಹೂವಿನ ಪರಿಮಳ, ಅದು ಹೂವಿನದಲ್ಲ. ಹಿಂದಿ ಮಾತಾಡಿದರೆ ಡೈರಿಯಲ್ಲಿ ಬರೆಯುತ್ತಿದ್ದರು. ಕನ್ನಡ ಯಾವ ಲೆಕ್ಕದಲ್ಲೂ ಇರಲಿಲ್ಲ. ಡಬ್ಬಿಯ ಇಡ್ಲಿಯನ್ನು ಯಾರೂ ಬದಲಾಯಿಸಿಕೊಳ್ಳುತ್ತಿರಲಿಲ್ಲ, ಎಂಜಲು ಹಂಚಬಾರದೆಂದು ನಿಯಮ.

ಪಾಠವೋ? ಲೆಕ್ಕದ ಮಿಸ್ಸುಗಳು ಆ ಒಂದೇ ವರ್ಷದಲ್ಲಿ ಮತ್ತೆ ಮತ್ತೆ ಬದಲಾದರು. ಎಲ್ಲರೂ ಚಿಕ್ಕ ವಯಸ್ಸಿನವರು, ಸುಸ್ತಾದವರು. ಇಂಥ ಶಾಲೆಗಳು ಅವರಿಗೆ ಕೊಡುತ್ತಿದ್ದದ್ದು ಬಸ್ಸಿನ ಡ್ರೈವರಿಗಿಂತ ಹೆಚ್ಚೇನಲ್ಲ ಎಂದು ಬಹಳ ವರ್ಷದ ಮೇಲೆ ತಿಳಿಯಿತು. ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡಿ, "ಎನಿ ಡೌಟ್ಸ್?" ಎನ್ನುತ್ತಿದ್ದರು. ಡೌಟು ಇದ್ದರೆ "ಟ್ಯೂಷನ್‌ನಲ್ಲಿ ಕೇಳಿ" ಎನ್ನುತ್ತಿದ್ದರು. ಎಲ್ಲರೂ ಟ್ಯೂಷನ್ನಿಗೆ ಹೋಗುತ್ತಿದ್ದರು, ನನ್ನೊಬ್ಬಳನ್ನು ಬಿಟ್ಟು. ನಾನು ಕಣ್ಣು ಮುಚ್ಚಿ ಮೇಡಂನ ಕಡ್ಡಿಯ ಮೇಲೆ ಕುಣಿಕೆಗಳನ್ನು ನೆನೆದು ಉತ್ತರ ಹೇಳಿಬಿಡುತ್ತಿದ್ದೆ. ಒಬ್ಬ ಮಿಸ್ಸು ನನ್ನ ಉತ್ತರಕ್ಕೆ ತಪ್ಪು ಹಾಕಿದರು. ಸರಿಯಿದೆಯಲ್ಲ ಮಿಸ್ ಎಂದರೆ, "ಸರಿ ಇದೆ, ಆದರೆ ನಮ್ಮ ಮೆಥಡ್ ಅಲ್ಲ" ಎಂದರು. ಪ್ರಾಜೆಕ್ಟ್ ಕೊಟ್ಟರೆ ಥರ್ಮೊಕೋಲಿನ ಜ್ವಾಲಾಮುಖಿಗಳು ಅಂಗಡಿಯಿಂದ ಸಿದ್ಧವಾಗಿಯೇ ಬರುತ್ತಿದ್ದವು, ಮಕ್ಕಳು ಹೆಸರು ಅಂಟಿಸುತ್ತಿದ್ದರು. ನಾನು ಅಮ್ಮನ ಗೋಧಿಹಿಟ್ಟಿನಲ್ಲಿ ಮಾಡಿದ ಜ್ವಾಲಾಮುಖಿಗೆ ಇರುವೆ ಮುತ್ತಿ ಅದನ್ನು ಹೊರಗಿಡಬೇಕಾಯಿತು.

ಆದರೂ ಆ ಶಾಲೆಯಲ್ಲಿ ಒಂದನ್ನು ನಾನು ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸಿದೆ. ಲೈಬ್ರರಿ. ಬೂಟು ಕಳಚಿ ಒಳಗೆ ಹೋಗಬೇಕು. ನೆಲಕ್ಕೆ ಹಸಿರು ಕಾರ್ಪೆಟ್ಟು, ಕಿಟಕಿಯ ಹತ್ತಿರ ದಿಂಬು. ನಮ್ಮ ಹಳೆಯ ಶಾಲೆಯಲ್ಲಿ ಪುಸ್ತಕಗಳು ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಇನ್‌ಸ್ಪೆಕ್ಷನ್ನಿಗೆ ಕಾಯುತ್ತಿದ್ದವು. ಇಲ್ಲಿ ಕೈಗೆ ಸಿಗುತ್ತಿದ್ದವು. ನಾಲ್ಕನೇ ಕ್ಲಾಸಿನವರು ಅಲ್ಲೇ ಕೂತು ಓದಬೇಕು. ಐದನೆಯವರು ಮನೆಗೆ ಒಯ್ಯಬಹುದು. ಕಡಲಿನ ಬಗ್ಗೆ ಒಂದು ದಪ್ಪ ಪುಸ್ತಕವಿತ್ತು, ಮುಖಪುಟದಲ್ಲಿ ತಿಮಿಂಗಿಲ. ವಾರಕ್ಕೊಂದು ಪಿರಿಯಡ್ಡಿನಲ್ಲಿ ಅದು ಮುಗಿಯುವ ಹಾಗಿರಲಿಲ್ಲ. ಪರೀಕ್ಷೆಗೆ ಮುಂಚಿನ ಕೊನೆಯ ಪಿರಿಯಡ್ಡಿನಲ್ಲಿ, ಓದಿದ ಜಾಗಕ್ಕೆ ಚಾಕೊಲೇಟಿನ ಬೆಳ್ಳಿ ಕಾಗದ ಮಡಚಿ ಇಟ್ಟೆ. ಏಪ್ರಿಲ್‌ನಲ್ಲಿ ಮೊದಲ ದಿನವೇ ಅದನ್ನು ಮನೆಗೆ ತರುವುದೆಂದು ನಿಶ್ಚಯ ಮಾಡಿದ್ದೆ. ಇಡೀ ಚಳಿಗಾಲ ಅಪ್ಪನಿಗೆ ಶಕರ್‌ಕಂದಿ ತಿನ್ನುತ್ತಾ ಹೇಳಿದ್ದೂ ಅದನ್ನೇ. ಅಪ್ಪ "ಹೌದಾ?" ಎನ್ನುತ್ತಿದ್ದರು. ಆ ಹೊತ್ತಿಗೆ ಅವರಿಗೆ ಎಲ್ಲ ಗೊತ್ತಿತ್ತು.

ಅದೇ ಚಳಿಗಾಲದಲ್ಲಿ ಪಾಪುವಿನ ನರ್ಸರಿ ಅರ್ಜಿಯ ಗದ್ದಲ ಶುರುವಾಯಿತು. ದಿಲ್ಲಿಯಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಈ ಪಾಯಿಂಟುಗಳ ಸಂಕಟ ಗೊತ್ತು. ಮನೆ ಹತ್ತಿರವಿದ್ದರೆ ಇಷ್ಟು ಪಾಯಿಂಟು, ಅಪ್ಪ ಅಮ್ಮ ಅಲ್ಲೇ ಓದಿದ್ದರೆ ಇಷ್ಟು. ಅಣ್ಣನೋ ಅಕ್ಕನೋ ಆಗಲೇ ಆ ಶಾಲೆಯಲ್ಲಿದ್ದರೆ ಇನ್ನೊಂದಿಷ್ಟು, ಅದು ದೊಡ್ಡ ತೂಕ. ಆ ಶಾಲೆ ಹೊಸದಾದ್ದರಿಂದ ಮೇಲಿನ ಕ್ಲಾಸುಗಳಲ್ಲಿ ಖಾಲಿ ಬೆಂಚುಗಳಿದ್ದವು, ಕೇಳಿದವರಿಗೆ ಸೀಟು ಸಿಗುತ್ತಿತ್ತು. ನೂಕುನುಗ್ಗಲೆಲ್ಲ ನರ್ಸರಿಗೆ. ಅಪ್ಪ ಅಮ್ಮ ತುಮಕೂರಿನ ಕಡೆ ಓದಿದವರು, ಆ ಪಾಯಿಂಟು ಇಲ್ಲ. "ನಮಗೆ ಅಕ್ಕನ ಪಾಯಿಂಟು ಇದೆ" ಎಂದು ಅಮ್ಮ ಪಾಪುವಿಗೆ ಅನ್ನ ತಿನ್ನಿಸುತ್ತಾ ಹಾಡಿನಂತೆ ಹೇಳುತ್ತಿದ್ದಳು. ನಾನು ಬೀಗುತ್ತಿದ್ದೆ. ನನ್ನಿಂದ ತಮ್ಮನಿಗೆ ಅನುಕೂಲವಾಗುತ್ತಿದೆ ಎಂದು ನನಗೆ ಖುಷಿ. ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುವುದು, ಅವನ ನೀರಿನ ಬಾಟಲಿ ನಾನು ಹಿಡಿದುಕೊಳ್ಳುವುದು, ಇದನ್ನೆಲ್ಲ ಮನಸ್ಸಿನಲ್ಲೇ ಆಡಿಕೊಂಡಿದ್ದೆ.

ಸಂದರ್ಶನ ಮಾಡಬಾರದೆಂದು ನಿಯಮವಿದ್ದುದರಿಂದ ಅವರು ಅದಕ್ಕೆ ಸಂದರ್ಶನ ಎನ್ನುತ್ತಿರಲಿಲ್ಲ, ಸುಮ್ಮನೆ ಬಂದು ಮಾತಾಡಿ ಹೋಗಿ ಎನ್ನುತ್ತಿದ್ದರು. ಅದನ್ನು ನೆನೆದರೇ ಮನೆಯಲ್ಲಿ ಎಲ್ಲರಿಗೂ ಚಳಿಜ್ವರ. ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಮ್ಮನಿಗೂ ಪಾಪುವಿಗೂ ಪಾಠ ಹೇಳುವ ಕೆಲಸ ನನ್ನದಾಯಿತು. ಮನೆಯೆದುರಿನ ಹುಲ್ಲಿನ ಬಿಸಿಲಿನಲ್ಲಿ ಇಬ್ಬರನ್ನೂ ಗೋಣಿ ಪಟ್ಟಿಯ ಬದಲು ಚಾಪೆಯ ಮೇಲೆ ಕೂರಿಸಿಕೊಂಡು ಸಂತೋಷ್ ಮೇಡಂನಂತೆ ಗದರಿಸುತ್ತಿದ್ದೆ. ಪಾಪು ಯಾವ ಹಣ್ಣು ತೋರಿಸಿದರೂ "ಪಪಾಯ" ಎನ್ನುತ್ತಿದ್ದ. ಅಮ್ಮ "ಮೈ ಸನ್ ಈಸ್ ವೆರಿ ಆಕ್ಟಿವ್" ಎಂದು ಬಾಯಿಪಾಠ ಮಾಡುತ್ತಾ ಸಾರು ಉಕ್ಕಿಸಿಬಿಡುತ್ತಿದ್ದಳು.

ಆ ದಿನ ನಾಲ್ವರೂ ಹೋದೆವು. ಪಾಪು ಬಾಯಿ ತೆರೆಯಲೇ ಇಲ್ಲ, ಅಪ್ಪನ ಕೋಟಿನಲ್ಲಿ ಮುಖ ಹುದುಗಿಸಿದ. ಅಮ್ಮನ ಆಕ್ಟಿವ್ ಸನ್ ಗಂಟಲಲ್ಲೇ ಸಿಕ್ಕಿಕೊಂಡಿತು. ಪ್ರಿನ್ಸಿಪಾಲರು ನನ್ನ ಕಡೆ ತಿರುಗಿ, ನಮ್ಮ ಶಾಲೆ ನಿನಗೆ ಇಷ್ಟವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಲೈಬ್ರರಿಯ ಬಗ್ಗೆ, ತಿಮಿಂಗಿಲದ ಬಗ್ಗೆ, ಐದನೇ ಕ್ಲಾಸಿನಲ್ಲಿ ನಾನು ಓದಲಿರುವ ಪುಸ್ತಕಗಳ ಬಗ್ಗೆ ನಿಲ್ಲಿಸದೆ ಹೇಳಿದೆ. ತಮ್ಮನಿಗೆ ನಾನೇ ಓದಿ ಹೇಳುತ್ತೇನೆ ಎಂದೂ ಸೇರಿಸಿದೆ. ಅವರು ನಕ್ಕರು. ನನ್ನ ಹೆಗಲ ಮೇಲೆ ಅಪ್ಪನ ಕೈ ಇತ್ತು. ಮಾತು ಮುಗಿದಾಗ ಆ ಕೈ ನನ್ನನ್ನು ಮೆಲ್ಲಗೆ ಒತ್ತಿತು, ಭೇಷ್ ಎನ್ನುವ ಹಾಗೆ. ಆ ಕೈಯ ಬಿಸಿ ಇವತ್ತಿಗೂ ನೆನಪಿದೆ, ಅದಕ್ಕೇ ಹೊಟ್ಟೆ ಉರಿಯುತ್ತದೆ.

ಪಾಪುವಿಗೆ ಸೀಟು ಸಿಕ್ಕಿತು. ಅಪ್ಪ ಜಿಲೇಬಿ ತಂದರು. ಮೊದಲ ಜಿಲೇಬಿ ನನಗೇ ಕೊಟ್ಟರು.

ಮಾರ್ಚ್ ಕೊನೆಯಲ್ಲಿ ಒಂದು ಬೆಳಿಗ್ಗೆ ಅಮ್ಮ ಮಂಚದ ಕೆಳಗಿನ ಟ್ರಂಕು ಎಳೆದು ಕೂತಿದ್ದಳು. ಪಕ್ಕದಲ್ಲಿ ಪಾಪುವಿನ ಹೊಸ ಯೂನಿಫಾರ್ಮು, ಪುಟ್ಟ ಟೈ, ಮುದ್ರೆಯ ಕಾಲುಚೀಲ. ಟ್ರಂಕಿನಿಂದ ಅವಳು ತೆಗೆದದ್ದು ನನ್ನ ಹಳೆಯ ಸರ್ಕಾರಿ ಶಾಲೆಯ ಸ್ಕರ್ಟು. ಅಂಚಿನ ಹೊಲಿಗೆ ಬಿಚ್ಚಿ ಉದ್ದ ಬಿಡುತ್ತಿದ್ದಳು.

"ಅದ್ಯಾಕಮ್ಮಾ?"

"ಅಪ್ಪನ್ನ ಕೇಳು."

ಅಪ್ಪ ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದರು. ಕನ್ನಡಿಯೊಳಗಿಂದಲೇ ಹೇಳಿದರು.

"ಇಬ್ಬರನ್ನೂ ಅಲ್ಲಿ ಓದಿಸೋಕೆ ನನ್ನ ಕೈಲಿ ಆಗಲ್ಲ ಕಣಮ್ಮ. ಪಾಪೂಗೆ ಸೀಟ್ ಸಿಕ್ತಲ್ಲ, ಇನ್ನು ಅವನ್ನ ಯಾರೂ ತೆಗೆಯಲ್ಲ. ನೀನು ಜಾಣೆ. ಎಲ್ಲಿದ್ರೂ ಓದ್ತೀಯ. ಅವನಿಗೆ ಸ್ಕೂಲ್ ಬೇಕು."

"ಆದ್ರೆ ನಂಗೆ ಐದನೇ ಕ್ಲಾಸಲ್ಲಿ ಬುಕ್ಸ್ ಮನೆಗೆ ಕೊಡ್ತಾರೆ ಅಪ್ಪಾ. ಪ್ರಾಮಿಸ್ ಕಿಯಾ ಥಾ."

"ಯಾರು ಪ್ರಾಮಿಸ್ ಮಾಡಿದ್ರು?"

ಯಾರೂ ಮಾಡಿರಲಿಲ್ಲ. ಅಪ್ಪ ಒಮ್ಮೆಯೂ ಐದನೇ ಕ್ಲಾಸಿನ ಮಾತಿಗೆ ಹೂಂ ಎಂದಿರಲಿಲ್ಲ, "ಹೌದಾ?" ಎಂದಿದ್ದರು, ಅಷ್ಟೇ. ನನ್ನ ಅಪ್ಪ ಸುಳ್ಳು ಹೇಳದ ಮನುಷ್ಯ. ಹೇಳದೆಯೇ ಕೆಲಸ ಮುಗಿಸಿದ್ದರು.

ಅಮ್ಮನ ಹತ್ತಿರ ಹೋಗಿ ನಿಂತೆ. ಯಾವಾಗ ತೀರ್ಮಾನ ಮಾಡಿದ್ರಿ ಎಂದು ಕೇಳಿದೆ. ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು, ದಾರ ಹೋಗುತ್ತಿರಲಿಲ್ಲ.

"ನಿನ್ನ ಸೇರಿಸೋವಾಗ್ಲೇ ಮಾತಾಗಿತ್ತು ಚೇತು. ನೀನೊಂದು ವರ್ಷ ಅಲ್ಲಿದ್ರೆ ಪಾಪೂಗೆ ಸುಲಭ ಆಗತ್ತೆ ಅಂತ ಮೂರ್ತಿಯವ್ರೇ ಹೇಳ್ಕೊಟ್ಟಿದ್ದು. ಅವ್ರೂ ಹಾಗೇ ಮಾಡಿದ್ದಂತೆ ಮಗಳಿಗೆ."

"ನಾನು ಓದೋಕೆ ಹೋಗಿದ್ದಲ್ವಾ?"

ಅಮ್ಮ ನನ್ನ ಸೊಂಟಕ್ಕೆ ಸ್ಕರ್ಟು ಹಿಡಿದು ಅಳತೆ ನೋಡಿದಳು. "ಬೆಳೆದುಬಿಟ್ಟಿದೀಯ" ಎಂದಳು. ನಾನು ಕಿರುಚಲಿಲ್ಲ, ಊಟ ಬಿಡಲಿಲ್ಲ. ಜಾಣೆ ಎಂದಿದ್ದರಲ್ಲ. ಜಾಣೆ ಎಂದು ಕರೆಸಿಕೊಂಡವಳು ರಂಪ ಮಾಡಬಾರದು ಎಂದು ಅಷ್ಟು ಹೊತ್ತಿಗೆ ನನಗೆ ತಿಳಿದಿತ್ತು. ಆ ಶಬ್ದವನ್ನು ನನ್ನ ಮೇಲೆ ಎಷ್ಟು ಚೆನ್ನಾಗಿ ಬಳಸಿದರು!

ಏಪ್ರಿಲ್‌ನಲ್ಲಿ ಮತ್ತೆ ಬ್ಲಾಕಿನ ಹಿಂದಿನ ಶಾಲೆ. ಅಂಗಳದಲ್ಲಿ ರೇಖಾ ಇದ್ದಳು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ.

"ಆ ಗಯೀ? ಮುಝೇ ಪತಾ ಥಾ."

"ನಿಂಗೆ ಹೇಗೆ ಗೊತ್ತಿತ್ತು?"

"ತೇರಾ ಭಾಯೀ ಛೋಟಾ ಥಾ ನಾ," ಎಂದಳು. ತಮ್ಮ ಚಿಕ್ಕವನಿದ್ದನಲ್ಲ, ಅವನು ದೊಡ್ಡವನಾಗುವವರೆಗೆ ಮಾತ್ರ ನೀನು ಎಂದು ಅರ್ಥ. ಇಸ್ತ್ರಿ ಮೇಜಿನ ಪಕ್ಕ ಬೆಳೆದ ಹುಡುಗಿಗೆ ತಿಳಿದದ್ದು ನನಗೆ ತಿಳಿದಿರಲಿಲ್ಲ, ಯಾಕೆಂದರೆ ಅವಳ ಮನೆಯಲ್ಲಿ ಯಾರೂ ಮಗಳು ಮಗ ಒಂದೇ ಎಂದು ಭಾಷಣ ಮಾಡಿರಲಿಲ್ಲ. ಅವಳಪ್ಪ ಅವಳಿಗೆ ಅನ್ಯಾಯ ಮಾಡಿದ, ಆದರೆ ಕಣ್ಣಿಗೆ ಮಣ್ಣೆರಚಲಿಲ್ಲ. ಅವಳು ತನ್ನ ಡಬ್ಬಿಯಿಂದ ಪರೋಟದ ಚೂರು ಮುರಿದು ಕೊಟ್ಟಳು, ನಾನು ತಿಂದೆ.

ಆದರೆ ಸಂತೋಷ್ ಮೇಡಂ ಇರಲಿಲ್ಲ. ಮಕ್ಕಳು ಕಡಿಮೆಯಾದರೆಂದು ಎರಡು ಸೆಕ್ಷನ್ನುಗಳನ್ನು ಒಂದು ಮಾಡಿ ಮೇಡಂ ಅವರನ್ನು ಯಮುನೆಯ ಆಚೆಗಿನ ಯಾವುದೋ ಶಾಲೆಗೆ ವರ್ಗ ಮಾಡಿದ್ದರು. ಐದನೇ ಕ್ಲಾಸಿನಲ್ಲಿ ಹುಡುಗರು ಇದ್ದರೂ ಇಲ್ಲದ ಹಾಗೆ. ಉಳಿದವರೆಲ್ಲ ನಾವು, ಅಕ್ಕಂದಿರು. ಹೊಸ ಟೀಚರು ಬರುವ ದಿನಕ್ಕಿಂತ ಬಾರದ ದಿನವೇ ಹೆಚ್ಚು. ಕೇಳಲು ಯಾವ ಅಪ್ಪನೂ ಬರುತ್ತಿರಲಿಲ್ಲ. ಕೇಳಬಲ್ಲ ಅಪ್ಪಂದಿರೆಲ್ಲ ಬೇರೆ ಗೇಟಿನ ಮುಂದೆ ನಿಂತಿದ್ದರು. ಸರ್ಕಾರಿ ಶಾಲೆ ಕೆಟ್ಟಿದೆ ಎಂದು ಬಿಟ್ಟುಹೋದರೋ, ಅವರು ಬಿಟ್ಟುಹೋದದ್ದಕ್ಕೇ ಕೆಟ್ಟಿತೋ? ನನಗಂತೂ ಅನುಮಾನವಿಲ್ಲ, ನಾನು ಹೋಗುವಾಗ ಅದು ಚೆನ್ನಾಗಿತ್ತು, ವಾಪಸು ಬಂದಾಗ ಕೆಟ್ಟಿತ್ತು. ನಡುವೆ ಇದ್ದದ್ದು ಒಂದೇ ವರ್ಷ. ಮೇಡಂಗೆ ಅಪ್ಪ ಹೇಳಿದ ಇಂಗ್ಲಿಷಿನ ಕಾರಣವೂ ನೆಪವೇ ಎಂದು ಹೇಳಲು ಕೂಡ ನನಗೆ ಅವರು ಸಿಗಲಿಲ್ಲ.

ಸಂಜೆ ಪಾಪು ಬಸ್ಸಿನಿಂದ ಇಳಿಯುತ್ತಿದ್ದ, ನಾನು ಕಮಾನಿನ ಕೆಳಗೆ ನಿಂತು ಅವನ ನೀರಿನ ಬಾಟಲಿ ಹಿಡಿದುಕೊಳ್ಳುತ್ತಿದ್ದೆ. ಒಮ್ಮೆ ಅವನಿಗೆ ಗುಟ್ಟಾಗಿ, ಲೈಬ್ರರಿಗೆ ಹೋದರೆ ತಿಮಿಂಗಿಲದ ಪುಸ್ತಕ ನೋಡು, ಬೆಳ್ಳಿ ಕಾಗದ ಇದೆಯಾ ನೋಡು ಎಂದೆ. ನರ್ಸರಿಯವರನ್ನು ಲೈಬ್ರರಿಗೆ ಬಿಡುವುದಿಲ್ಲ ಎಂದ. ಆಮೇಲೆ ಬಿಡುವ ವಯಸ್ಸಾದಾಗ ನಾನು ಕೇಳಲಿಲ್ಲ.

ಇದೆಲ್ಲ ಆಗಿ ಬಹಳ ಕಾಲವಾಯಿತು. ನಾನು ಓದಿದೆ, ಹೇಗೋ ಓದಿದೆ. ಸರ್ಕಾರಿ ಶಾಲೆ, ಸರ್ಕಾರಿ ಕಾಲೇಜು, ಈಗ ಓಖ್ಲಾದಲ್ಲಿ ಒಂದು ಕಚೇರಿಯ ಲೆಕ್ಕಪತ್ರ ವಿಭಾಗ. ಪಾಪು ಹನ್ನೆರಡನೆಯವರೆಗೂ ಅದೇ ಶಾಲೆಯಲ್ಲಿ, ಅದರ ಜೊತೆಗೆ ಹನ್ನೆರಡನೆಯವರೆಗೂ ಟ್ಯೂಷನ್ನಿನಲ್ಲಿ ಓದಿ ಗುರುಗ್ರಾಮದಲ್ಲಿ ಕೆಲಸಕ್ಕಿದ್ದಾನೆ. ಒಳ್ಳೆಯ ಹುಡುಗ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಈ ಕಥೆಯೇ ಗೊತ್ತಿಲ್ಲ. ನಾನು ಕೆಲಸಕ್ಕೆ ಸೇರಿದ ದಿನ ಅಪ್ಪ ಕಣ್ಣೊರೆಸಿಕೊಂಡು, "ನಾನು ಹೇಳಿರ್ಲಿಲ್ವಾ, ಎಲ್ಲಿದ್ರೂ ಓದ್ತೀಯ ಅಂತ?" ಎಂದರು. ನಾನು ಹಗಲೂ ರಾತ್ರಿ ಕಷ್ಟಪಟ್ಟು ಓದಿದ್ದು ಅವರು ಮಾಡಿದ್ದು ಸರಿ ಎನ್ನುವುದಕ್ಕೆ ಸಾಕ್ಷಿಯಾಗಿ ಹೋಯಿತು. ಫೇಲಾಗಿದ್ದರೂ ಅವರದೇ ಸರಿಯಾಗುತ್ತಿತ್ತು, ಅಂಥವಳಿಗೆ ಯಾಕೆ ದೊಡ್ಡ ಶಾಲೆ ಎಂದು.

ಮದುವೆಗೆ ಹುಡುಗನ ಕಡೆಯವರು ಬಂದಾಗ ಇನ್ನೊಂದಾಯಿತು. ಓದಿದ್ದೆಲ್ಲಿ ಎಂದು ಅವರು ಕೇಳಿದರು. ಅಪ್ಪ ಕಣ್ಣು ಮಿಟುಕಿಸದೆ ಆ ಶಾಲೆಯ ಹೆಸರು ಹೇಳಿದರು. "ನಮ್ಮ ಇಬ್ಬರು ಮಕ್ಕಳೂ ಅಲ್ಲೇ" ಎಂದರು. ಸುಳ್ಳಲ್ಲ, ನೋಡಿ. ಎಂದಿನ ಹಾಗೆ, ಸುಳ್ಳಲ್ಲ. ತಿಂಡಿಯ ತಟ್ಟೆ ಹಿಡಿದು ನಿಂತಿದ್ದ ನಾನು ನನ್ನ ಆ ಒಂದು ವರ್ಷ ಎರಡನೇ ಸಲ ಬಳಕೆಯಾಗುವುದನ್ನು ನೋಡಿದೆ. ಅವರು ಹೋದ ಮೇಲೆ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. "ನೀನು ಅಲ್ಲಿ ಓದಿಲ್ವಾ?" ಎಂದು ಅಪ್ಪ ನಿಜವಾಗಿಯೂ ಆಶ್ಚರ್ಯಪಟ್ಟರು. ಅವರಿಗೆ ಆ ವರ್ಷ ಮಗಳಿಗೆ ಕೊಟ್ಟದ್ದೆಂದೇ ನೆನಪಿದೆ. ಮಗಳಿಂದ ತೆಗೆದುಕೊಂಡದ್ದೆಂದು ನೆನಪಿರುವುದು ನನಗೊಬ್ಬಳಿಗೆ.

ಬ್ಲಾಕಿನ ಹಿಂದಿನ ಶಾಲೆ ಈಗ ಇಲ್ಲ. ಪಕ್ಕದ ಶಾಲೆಯೊಂದಕ್ಕೆ ಸೇರಿಸಿದರಂತೆ. ಹೋದ ವರ್ಷ ಆ ಕಡೆ ಹೋದಾಗ ಕಟ್ಟಡದಲ್ಲಿ ಏನೋ ಸರ್ಕಾರಿ ಸ್ಟೋರು ಇತ್ತು, ಅಂಗಳದ ತುಂಬ ಮುರಿದ ಕುರ್ಚಿಗಳು. ಬಿಸಿಲು ಮಾತ್ರ ಅದೇ ಜಾಗಕ್ಕೆ ಬೀಳುತ್ತಿತ್ತು. ಇಸ್ತ್ರಿ ಮೇಜಿನ ಹತ್ತಿರ ಯಾರೋ ಹೊಸಬರು. ರೇಖಾ ಎಲ್ಲಿದ್ದಾಳೆಂದು ಅವರಿಗೆ ತಿಳಿಯದು. ಗುಮಾಸ್ತನ ಮಗಳೂ ಇಸ್ತ್ರಿಯವನ ಮಗಳೂ ಒಂದೇ ಗೋಣಿ ಪಟ್ಟಿಯಲ್ಲಿ ಕೂತು ಒಂದೇ ಲೆಕ್ಕ ತಪ್ಪು ಮಾಡುತ್ತಿದ್ದ ಜಾಗ ಈ ಊರಿನಲ್ಲಿ ಈಗ ಎಲ್ಲಿದೆಯೋ ನನಗೆ ಗೊತ್ತಿಲ್ಲ. ನನ್ನ ಮಗಳಿಗೆ ಎರಡು ವರ್ಷ. ನೋಯ್ಡಾದ ನಮ್ಮ ಸೊಸೈಟಿಯ ಸುತ್ತ ಹುಡುಕಿದರೂ ಗಾಜಿನ ಬಾಗಿಲಿನ ಶಾಲೆಗಳೇ ಕಾಣುತ್ತವೆ.

ಕಳೆದ ಜನವರಿಯಲ್ಲಿ ದ್ವಾರಕಾದ ಪಾಪುವಿನ ಮನೆಗೆ ಹೋಗಿದ್ದೆ. ರಿಟೈರ್ ಆದ ಮೇಲೆ ಅಪ್ಪ ಅಮ್ಮ ಅಲ್ಲೇ ಇದ್ದಾರೆ. ಸಂಜೆ ಅಪ್ಪ ಮಫ್ಲರ್ ಸುತ್ತಿಕೊಂಡು ಬಾಗಿಲಲ್ಲಿ ನಿಂತು, "ಹೊರಡು ಚೇತು" ಎಂದರು.

"ಎಲ್ಲಿಗೆ? ಯಾಕೆ?" ಎಂದೆ.

ಅಪ್ಪ ಹೊರಗೆ ಕೈ ತೋರಿಸಿದರು. "ಗೇಟ್ ಹತ್ರ ಶಕರ್‌ಕಂದಿ ಭಯ್ಯಾ ಬಂದಿದಾನೆ ಕಣಮ್ಮ. ನಿಂಗೆ ಇಷ್ಟ ಅಲ್ವಾ ಅಂತ." ಆಮೇಲೆ ಚಪ್ಪಲಿಗೆ ಕಾಲು ತೂರಿಸುತ್ತಾ ತಮ್ಮಷ್ಟಕ್ಕೇ ಎನ್ನುವಂತೆ ಹೇಳಿದರು. "ಮೊದ್ಲು ನೀನು ಹೀಗೆ ಕೇಳ್ತಾನೇ ಇರ್ಲಿಲ್ಲ."

ಹೋದೆ. ಕೆಂಡದ ಘಮ ಹಾಗೇ ಇತ್ತು, ನಿಂಬೆ, ಮಸಾಲೆ, ಕಮರಾಕ್ಷಿ ಎಲ್ಲ ಹಾಗೇ ಇತ್ತು. ಎಲೆದೊನ್ನೆ ಹೋಗಿ ಥರ್ಮೊಕೋಲಿನ ಬಟ್ಟಲು ಬಂದಿತ್ತು. ಅಪ್ಪ ಮೊದಲ ಹೋಳನ್ನು ಕಡ್ಡಿಗೆ ಚುಚ್ಚಿ, ಊದಿ ಊದಿ ಆರಿಸಿ, ಎಂದಿನಂತೆ ನನ್ನ ಬಾಯಿಯ ಹತ್ತಿರ ತಂದರು. ನಾನು ಕೈ ಚಾಚಿ ತೆಗೆದುಕೊಂಡೆ.